ಮ್ಯಾಲಂ ಕೆರೆಯ ಕೋಡಿ ನೀರು ಎಲ್ಲಿ ಹೋಗುತ್ತದೆ?

ಲೀಡ್ಸ್ ಮನೆ:

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡು ವರ್ಷ ಆಯಿತು. ಕಳೆದ ಶನಿವಾರ ಯಾರ್ಕ್‌ಷೈರ್ ಡೇಲ್ಸ್‌ನ ಮ್ಯಾಲಂ ಎಂಬ ಊರಿಗೆ ಹೋಗಿದ್ದೆವು. ಅಲ್ಲಿ ಮ್ಯಾಲಂ ಕೋವ್ ಅಂತ ಒಂದು ಬಂಡೆಯ ಗೋಡೆ ಇದೆ. ಅರ್ಧ ಚಂದ್ರನ ಹಾಗೆ ಬಾಗಿದೆ. ಎತ್ತರ ಸುಮಾರು 80 ಮೀಟರ್. ನೋಡಿದ ಕೂಡಲೇ ಇದು ಜಲಪಾತದ ಜಾಗ ಅನ್ನಿಸುತ್ತದೆ. ಆದರೆ ಮೇಲಿಂದ ಒಂದು ಹನಿ ನೀರೂ ಬೀಳುವುದಿಲ್ಲ! ಬಂಡೆಯ ಬುಡದಿಂದ ಮಾತ್ರ ಒಂದು ಹಳ್ಳ ಸದ್ದಿಲ್ಲದೆ ಹೊರಗೆ ಬರುತ್ತದೆ.

ಪಕ್ಕದಲ್ಲಿ ಸುಮಾರು 400 ಮೆಟ್ಟಿಲು. ಹತ್ತಿ ಮೇಲೆ ಹೋದರೆ ಮಣ್ಣೇ ಇಲ್ಲ, ಬರೀ ಬೂದು ಬಿಳುಪಿನ ಕಲ್ಲು ಹಾಸು. ನಡುನಡುವೆ ಆಳದ ಸೀಳು. ಮಳೆ ಬಂದು ನಿಂತಿತ್ತು, ನಮ್ಮ ಯಜಮಾನರು ಜಾರಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡರು. ಅಲ್ಲಿಂದ ಮುಂದೆ ಒಂದು ಕಣಿವೆ. ನದಿ ಹರಿದು ಆದ ಕಣಿವೆಯ ಹಾಗೇ ಇದೆ, ನದಿ ಮಾತ್ರ ಇಲ್ಲ. ಇನ್ನೂ ಮೇಲೆ ಹೋದರೆ ಮ್ಯಾಲಂ ಟಾರ್ನ್ ಅಂತ ತುಂಬಿದ ಕೆರೆ! ಕೆರೆಯಿಂದ ತೊರೆಯೊಂದು ಹೊರಡುತ್ತದೆ. ಸ್ವಲ್ಪ ದೂರ ಹರಿದು ಹುಲ್ಲುಗಾವಲಿನಲ್ಲೇ ಮಾಯ.

ನಾನು ತುಮಕೂರು ಕಡೆಯವಳು. ನಮ್ಮಲ್ಲಿ ಕೆರೆ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹೋಗುತ್ತದೆ, ಅದು ಮಕ್ಕಳಿಗೂ ಗೊತ್ತು. ಒಂಬತ್ತು ವರ್ಷದ ಮಗ "ಅಮ್ಮ, ಈ ಕೆರೆಯ ನೀರು ಎಲ್ಲಿ ಹೋಯ್ತು?" ಅಂತ ಕಾರಿನಲ್ಲಿ ಮನೆ ತನಕ ಕೇಳುತ್ತಲೇ ಇದ್ದ. ನನಗೆ ಹೇಳಲು ಬರಲಿಲ್ಲ. ಯಾರಾದರೂ ತಿಳಿಸಿ.

ಭೂಗೋಳ ಮೇಷ್ಟ್ರು:

ನೀವು ನೋಡಿದ್ದು ಸುಣ್ಣದ ಕಲ್ಲಿನ ಸೀಮೆ. ಇಂಥ ನೆಲಕ್ಕೆ ಕಾರ್ಸ್ಟ್ ಎನ್ನುತ್ತಾರೆ. ಸ್ಲೊವೇನಿಯಾದಲ್ಲಿ ಕ್ರಾಸ್ ಅಂತ ಒಂದು ಪ್ರಸ್ಥಭೂಮಿ ಇದೆ, ಹೆಸರು ಅಲ್ಲಿಂದ ಬಂದದ್ದು. ಸುಣ್ಣದ ಕಲ್ಲು ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ಹಾಗಾಗಿ ಹೊಳೆ ನೆಲದ ಮೇಲೆ ನಿಲ್ಲದೆ ಒಳಗೆ ಇಳಿದುಬಿಡುತ್ತದೆ. ಕೆರೆಯಿಂದ ಮಾಯವಾದ ನೀರೇ ಕೋವ್‌ನ ಬುಡದಲ್ಲಿ ಹೊರಗೆ ಬರುವುದು. ಮಗನಿಗೆ ಅಷ್ಟು ಹೇಳಿದರೆ ಸಾಕು.

ಕಾಗಿಣಾ ದಂಡೆ:

ಮೇಷ್ಟ್ರು ಹೇಳಿದ್ದು ಸರಿ, ಕೊನೆಯ ಮಾತೊಂದನ್ನು ಬಿಟ್ಟು. ಕೋವ್‌ನ ಬುಡದಲ್ಲಿ ಬರುವುದು ಮುಖ್ಯವಾಗಿ ಕೆರೆಯ ನೀರಲ್ಲ. ಎಲ್ಲರೂ ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ನಾನೂ ಮೊದಲ ಸಲ ಹೋದಾಗ ಹಾಗೇ ಅಂದುಕೊಂಡೆ. ಆ ವಿಷಯಕ್ಕೆ ಬರುತ್ತೇನೆ. ಮೊದಲು ಕಲ್ಲಿನ ಮಾತು.

ನಾನು ಕಲಬುರಗಿ ಜಿಲ್ಲೆಯ ಶಹಾಬಾದ್ ಹತ್ತಿರದವನು. ಅಪ್ಪ ಫರಸಿ ಖಣಿಯಲ್ಲಿ ಕೆಲಸ ಮಾಡುತ್ತಿದ್ದರು. ಈಗ ಮ್ಯಾಲಂಗೆ ಹತ್ತಿರದ ಸ್ಕಿಪ್ಟನ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಭಾನುವಾರ ಬಂತೆಂದರೆ ಆ ಗುಡ್ಡಗಳಲ್ಲೇ ಇರುತ್ತೇನೆ. ಕಾರಣ ಇಷ್ಟೇ, ಅದು ನನ್ನ ಊರಿನ ಕಲ್ಲಿನ ಅಣ್ಣತಮ್ಮ.

ನಿಮ್ಮಲ್ಲಿ ಎಷ್ಟೋ ಜನ ಶಹಾಬಾದ್ ಕಲ್ಲಿನ ನೆಲದ ಮೇಲೆ ಆಡಿ ಬೆಳೆದಿದ್ದೀರಿ. ಅದು ಸುಣ್ಣದ ಕಲ್ಲೇ. ಅಪ್ಪ ಉಳಿಯನ್ನು ಕಲ್ಲಿನ ಅಂಚಿಗೆ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯುತ್ತಾ ಹೋಗುತ್ತಿದ್ದರು. ಸದ್ದು ಬದಲಾದ ಕೂಡಲೇ ಹಾರೆ ಹಾಕುತ್ತಿದ್ದರು. ಚಪ್ಪಡಿ ಪುಸ್ತಕದ ಹಾಳೆಯ ಹಾಗೆ ಎದ್ದು ಬರುತ್ತಿತ್ತು. ಆ ಒಂದೊಂದು ಪದರವೂ ಹಳೆಯ ಸಮುದ್ರದ ತಳದಲ್ಲಿ ಕೂತ ಕೆಸರು. ಮ್ಯಾಲಂನ ಕಲ್ಲೂ ಹಾಗೇ ಆದದ್ದು. ಸುಮಾರು 33 ಕೋಟಿ ವರ್ಷ ಹಿಂದೆ ಆ ನೆಲ ಭೂಮಧ್ಯರೇಖೆಯ ಹತ್ತಿರ ಇತ್ತು. ಮೇಲೆ ಬೆಚ್ಚಗಿನ, ಆಳವಿಲ್ಲದ ಸಮುದ್ರ. ಚಿಪ್ಪು, ಹವಳ, ಸಮುದ್ರ ಲಿಲ್ಲಿ ಎಂಬ ಪ್ರಾಣಿಯ ಕಾಂಡ, ಎಲ್ಲ ತಳಕ್ಕೆ ಬಿದ್ದು ಬಿದ್ದು ಕಲ್ಲಾಯಿತು. ಅಲ್ಲಿನ ಹೊಲದ ಕಲ್ಲುಗೋಡೆಗಳನ್ನು ಹತ್ತಿರದಿಂದ ನೋಡಿ. ಅಂಗಿ ಗುಂಡಿಯಷ್ಟು ಚಿಕ್ಕ ಬಿಲ್ಲೆಗಳು ಕಾಣುತ್ತವೆ, ನಡುವೆ ತೂತು. ಅದು ಆ ಕಾಂಡದ ತುಂಡು. ಶಹಾಬಾದ್ ಕಲ್ಲಿನಲ್ಲಿ ಇದನ್ನು ಹುಡುಕಬೇಡಿ, ಸಿಗುವುದಿಲ್ಲ. ನಮ್ಮದು ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನ ಕಲ್ಲು.

ಇನ್ನು ಕರಗುವ ವಿಷಯ. ನನಗೆ ಎಂಟು ವರ್ಷ ಇದ್ದಾಗ ಅಡುಗೆ ಮನೆಯ ಫರಸಿ ಮೇಲೆ ಅರ್ಧ ನಿಂಬೆಹಣ್ಣು ಕವುಚಿ ಇಟ್ಟು ಮರೆತೆ. ಬೆಳಿಗ್ಗೆ ನೋಡಿದರೆ ಅಷ್ಟು ಜಾಗದ ಹೊಳಪು ಹೋಗಿ ದುಂಡಗೆ ಬಿಳಿ ಕಲೆ. ಅವ್ವ ಹುಣಸೆ ಹಚ್ಚಿ ತಿಕ್ಕಿದಳು, ಕಲೆ ಇನ್ನೂ ದೊಡ್ಡದಾಯಿತು. ಮನೆ ಮಾರುವ ತನಕ ಆ ಕಲೆ ಅಲ್ಲೇ ಇತ್ತು. ಕಡಪ ಕಲ್ಲಿನ ಅಡುಗೆ ಕಟ್ಟೆ ಇರುವವರಿಗೂ ಇದು ಗೊತ್ತಿರುತ್ತದೆ. ಹುಳಿ ಬಿದ್ದರೆ ಸುಣ್ಣದ ಕಲ್ಲು ಕರಗುತ್ತದೆ. ಗ್ರಾನೈಟಿಗೆ ಹಾಗೆ ಆಗುವುದಿಲ್ಲ.

ಮಳೆ ನೀರಿಗೂ ಒಂಚೂರು ಹುಳಿ ಇರುತ್ತದೆ. ಬೀಳುವಾಗ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತೆಳುವಾದ ಸೋಡಾ ನೀರಿನ ಹಾಗೆ ಆಗಿರುತ್ತದೆ. ಮಣ್ಣಿನೊಳಗೆ ಇಳಿದ ಮೇಲೆ ಹುಳಿ ಇನ್ನೂ ಜಾಸ್ತಿ, ಯಾಕೆಂದರೆ ಬೇರುಗಳೂ ಮಣ್ಣಿನ ಜೀವಾಣುಗಳೂ ಅದೇ ಗಾಳಿಯನ್ನು ಬಿಡುತ್ತಿರುತ್ತವೆ. ಈ ನೀರು ಕ್ಯಾಲ್ಸಿಯಂ ಕಾರ್ಬೊನೇಟನ್ನು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮಾಡಿ ತನ್ನ ಜೊತೆ ಒಯ್ಯುತ್ತದೆ. ಕಲ್ಲು ಮರಳಾಗಿ ಉದುರುವುದಿಲ್ಲ, ಸಕ್ಕರೆಯ ಹಾಗೆ ನೀರಲ್ಲಿ ಸೇರಿ ಹೋಗುತ್ತದೆ. ಹೊಳೆಯ ನೀರು ತಿಳಿಯಾಗಿ ಕಂಡರೂ ಅದರಲ್ಲಿ ಕಲ್ಲು ಹರಿದು ಹೋಗುತ್ತಿರುತ್ತದೆ.

ಒಂದು ವಿಷಯ ಗಮನಿಸಿ. ಈ ಕಲ್ಲು ಸ್ಪಂಜಿನ ಹಾಗೆ ನೀರು ಕುಡಿಯುವ ಕಲ್ಲಲ್ಲ. ಕೈಯಲ್ಲಿ ಹಿಡಿದರೆ ಗಟ್ಟಿ. ನೀರು ಹೋಗುವುದು ಬಿರುಕಿನಲ್ಲಿ ಮತ್ತು ಪದರದ ಸಂದಿನಲ್ಲಿ ಮಾತ್ರ. ಹೋದ ಬಿರುಕು ಕರಗಿ ಅಗಲ ಆಗುತ್ತದೆ. ಅಗಲ ಆದ ಬಿರುಕಿಗೆ ಇನ್ನೂ ಜಾಸ್ತಿ ನೀರು ಬರುತ್ತದೆ. ಕೂದಲೆಳೆಯ ಬಿರುಕು ಹೀಗೇ ಮನುಷ್ಯ ನಡೆಯುವ ಸುರಂಗ ಆಗುತ್ತದೆ.

ನೀವು ಜಾರಿದ ಹಾಸುಗಲ್ಲು ನೋಡಿ. ಹಿಮಯುಗದಲ್ಲಿ ಅಲ್ಲಿ ದಪ್ಪ ಹಿಮನದಿ ಹರಿಯಿತು. ಮಣ್ಣನ್ನೂ ಮೇಲಿನ ಸಡಿಲ ಕಲ್ಲನ್ನೂ ಕೆರೆದು ಹೊತ್ತುಕೊಂಡು ಹೋಗಿ ಚಪ್ಪಟೆ ಪದರವನ್ನು ಬಯಲು ಮಾಡಿತು. ಆಮೇಲೆ ಹುಳಿ ನೀರು ಬಿರುಕುಗಳನ್ನು ಸೀಳಿತು. ಊರಿನವರು ಉಳಿದ ಕಲ್ಲಿನ ದಿಮ್ಮಿಗೆ ಕ್ಲಿಂಟ್ ಅನ್ನುತ್ತಾರೆ, ಸೀಳಿಗೆ ಗ್ರೈಕ್ ಅನ್ನುತ್ತಾರೆ. ಮುಂದಿನ ಸಲ ಒಣ ದಿನ ಹೋಗಿ. ಹೊಟ್ಟೆ ಮೇಲೆ ಮಲಗಿ ಒಂದು ಸೀಳಿನೊಳಗೆ ಇಣುಕಿ. ಮೇಲೆ ಗಾಳಿ ಕಿವಿ ಕೊರೆಯುತ್ತಿದ್ದರೂ ಒಳಗೆ ಒಂದು ಎಲೆಯೂ ಅಲುಗುವುದಿಲ್ಲ. ನಾಲಿಗೆಯ ಹಾಗೆ ಉದ್ದ, ಹೊಳೆಯುವ ಹಸಿರು ಜರಿಗಿಡದ ಎಲೆಗಳು ಇರುತ್ತವೆ. ಕುರಿಯ ಬಾಯಿ ಅಷ್ಟು ಕೆಳಗೆ ಹೋಗುವುದಿಲ್ಲ, ಅದಕ್ಕೇ ಅವು ಉಳಿದಿವೆ. ಕಲ್ಲಿನ ಅಂಚು ಮೇಣದ ಹಾಗೆ ದುಂಡಗಿರುತ್ತದೆ. ಕೈಯಾಡಿಸಿ ನೋಡಿ. ಒಡೆದ ಕಲ್ಲಿಗೆ ಆ ನುಣುಪು ಇರುವುದಿಲ್ಲ, ಮಣ್ಣಿನ ಕೆಳಗೆ ಕರಗಿದ ಕಲ್ಲಿಗೆ ಇರುತ್ತದೆ.

ಮೇಲಿನ ಒಣ ಕಣಿವೆಗೆ ವಾಟ್ಲೋಸ್ ಅಂತ ಹೆಸರು. ಅಲ್ಲಿ ನದಿ ಇದ್ದದ್ದು ನಿಜ. ಹಿಮಯುಗದಲ್ಲಿ ನೆಲ ಆಳದ ತನಕ ಹೆಪ್ಪುಗಟ್ಟಿತ್ತು, ಬಿರುಕುಗಳಲ್ಲಿ ಮಂಜುಗಡ್ಡೆ. ನೀರಿಗೆ ಕೆಳಗೆ ಇಳಿಯಲು ದಾರಿಯೇ ಇರಲಿಲ್ಲ. ಹಿಮ ಕರಗಿದ ನೀರೆಲ್ಲ ಮೇಲೇ ಹರಿದು ಕೋವ್‌ನ ಅಂಚಿನಿಂದ ಕೆಳಗೆ ಧುಮುಕುತ್ತಿತ್ತು. ಜಲಪಾತದ ಜಾಗ ಅಂತ ನಿಮಗೆ ಅನ್ನಿಸಿದ್ದು ಸರಿಯಾಗೇ ಇದೆ. ನೆಲದ ಮಂಜು ಕರಗಿದ ಮೇಲೆ ಬಿರುಕು ಬಾಯಿ ತೆರೆದವು, ನದಿ ಒಳಗೆ ಇಳಿಯಿತು, ಕಣಿವೆ ಒಣಗಿತು.

ಆ ಜಲಪಾತ ಮತ್ತೆ ಒಂದು ಸಲ ಬಿತ್ತು. 2015ರ ಡಿಸೆಂಬರ್ 6ರಂದು ಡೆಸ್ಮಂಡ್ ಬಿರುಗಾಳಿಯ ಮಳೆಗೆ ಒಳಗಿನ ದಾರಿಗಳು ತುಂಬಿ, ನೀರು ಮೇಲಿನಿಂದ ಹರಿದು ಕೋವ್‌ನಿಂದ ಬಿತ್ತು. ಊರಿನಲ್ಲಿ ಬದುಕಿರುವ ಯಾರೂ ಅದನ್ನು ಹಿಂದೆ ನೋಡಿರಲಿಲ್ಲ. ರಸ್ತೆ ತುಂಬ ನೀರು ಇದ್ದದ್ದರಿಂದ ನಾನು ಹೋಗಲಾಗಲಿಲ್ಲ. ಅವತ್ತು ನಡೆದುಕೊಂಡಾದರೂ ಹೋಗಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಈಗ ಕೆರೆ. ಸುಣ್ಣದ ಕಲ್ಲಿನ ಮೇಲೆ ಕೆರೆ ನಿಲ್ಲಬಾರದು ಅಲ್ವಾ? ಅದು ನಿಂತಿರುವುದು ಬೇರೆ ಕಲ್ಲಿನ ಮೇಲೆ. ಅಲ್ಲಿ ಭೂಮಿ ಸೀಳಿ ಜರುಗಿದ ಗೆರೆಯೊಂದಿದೆ. ಅದರಿಂದ ಆಚೆ ಹಳೆಯ ಸ್ಲೇಟ್ ಕಲ್ಲು ಮೇಲೆ ಬಂದಿದೆ. ಸ್ಲೇಟ್ ನೀರು ಬಿಡುವುದಿಲ್ಲ. ಅದರ ಮೇಲೆ ಹಿಮನದಿ ಬಿಟ್ಟುಹೋದ ಜೇಡಿ. 1791ರಲ್ಲಿ ಸಣ್ಣ ಏರಿ ಹಾಕಿ ನೀರಿನ ಮಟ್ಟ ಎತ್ತರಿಸಿದರು. ಕೋಡಿ ನೀರು ಸ್ಲೇಟ್ ಇರುವ ತನಕ ಹೊಳೆಯಾಗಿ ಹರಿಯುತ್ತದೆ. ಸುಣ್ಣದ ಕಲ್ಲು ಮುಟ್ಟಿದ ಕಡೆ ಮುಳುಗುತ್ತದೆ. ಆ ಜಾಗದ ಹೆಸರೇ ವಾಟರ್ ಸಿಂಕ್ಸ್.

ಅಲ್ಲಿಂದ ಎಲ್ಲಿಗೆ? 19ನೇ ಶತಮಾನದಲ್ಲೇ ಜನ ಪರೀಕ್ಷೆ ಮಾಡಿದರು. ಕೆರೆಯ ತೂಬು ಎತ್ತಿ ಒಮ್ಮೆಲೇ ನೀರು ಬಿಡುವುದು, ಕೆಳಗಿನ ಊಟೆಗಳಲ್ಲಿ ಎಲ್ಲಿ ನೀರು ಏರುತ್ತದೆ ಅಂತ ಕಾಯುವುದು. ಆಮೇಲೆ ನೀರಿಗೆ ಬಣ್ಣ ಹಾಕಿಯೂ ನೋಡಿದರು. ಕೆರೆಯ ನೀರು ಮುಖ್ಯವಾಗಿ ಹೊರಗೆ ಬಂದದ್ದು ಕೋವ್ ದಾಟಿ, ಮ್ಯಾಲಂ ಊರೂ ದಾಟಿ, ದಕ್ಷಿಣಕ್ಕಿರುವ ಏರ್ ಹೆಡ್ ಎಂಬ ಊಟೆಗಳಲ್ಲಿ. ಕೋವ್‌ನ ಬುಡದ ಹಳ್ಳ ಬರುವುದು ಇನ್ನೊಂದು ಕಡೆ, ಹಳೆಯ ಲೋಹದ ಭಟ್ಟಿಯ ಹತ್ತಿರ ಮುಳುಗುವ ನೀರಿನಿಂದ. ಎರಡು ನೀರೂ ಗುಡ್ಡದ ಹೊಟ್ಟೆಯಲ್ಲಿ ಒಂದರ ದಾರಿಯನ್ನು ಇನ್ನೊಂದು ದಾಟಿ ಹೋಗುತ್ತವೆ. ಮೇಲೆ ನಿಂತು ನೋಡಿದರೆ ಹತ್ತಿರದ ಹೊಳೆ ಹತ್ತಿರದ ಬಾಯಿಗೆ ಬರಬೇಕು ಅನ್ನಿಸುತ್ತದೆ. ಒಳಗೆ ದಾರಿ ಹೇಳುವುದು ಬಿರುಕು, ಮೇಲಿನ ಇಳಿಜಾರು ಅಲ್ಲ.

ಏರ್ ಹೆಡ್‌ನಿಂದ ಹುಟ್ಟುವುದು ಏರ್ ನದಿ. ಅದು ಸ್ಕಿಪ್ಟನ್ ದಾಟಿ, ಕೀತ್ಲಿ ದಾಟಿ, ನಿಮ್ಮ ಲೀಡ್ಸ್ ಪೇಟೆಯ ನಡುವೆ ಹರಿಯುತ್ತದೆ. ನಿಮ್ಮ ಮಗ ಹುಡುಕುತ್ತಿರುವ ನೀರು ಅವನ ಊರಿಗೇ ಬರುತ್ತಿದೆ.

ಬಳ್ಳಾರಿ ಬಿಸಿಲು:

ಓದಿ ಬಹಳ ಖುಷಿ ಆಯಿತು. ನಾವು ಹೋದ ವರ್ಷ ಆಂಧ್ರದ ಬೇಲಂ ಗುಹೆಗೆ ಹೋಗಿದ್ದೆವು. ಸುತ್ತ ಎಲ್ಲ ಸಪಾಟು ಹೊಲ. ಗುಡ್ಡ ಇಲ್ಲ, ಹೊಳೆ ಇಲ್ಲ. ನೆಲದಲ್ಲಿ ಬಾವಿಯ ಹಾಗೆ ತೂತು, ಅದರಲ್ಲಿ ಮೆಟ್ಟಿಲು ಇಳಿದರೆ ಗುಹೆ. ಒಟ್ಟು 3,229 ಮೀಟರ್ ಉದ್ದ ಅಂತ ಬರೆದಿದ್ದರು. ಒಳಗೆ ಸೆಕೆ, ಅಂಗಿ ಮೈಗೆ ಅಂಟಿತು. ಕೊನೆಯಲ್ಲಿ ಪಾತಾಳಗಂಗೆ ಅಂತ ಸಣ್ಣ ನೀರಿನ ಹರಿವು, ಅದೂ ಕಲ್ಲೊಳಗೆ ಹೋಗಿ ಮಾಯ. ನೀರೇ ಗುಹೆ ಮಾಡುವುದಾದರೆ, ಅಷ್ಟು ಒಣ ಊರಲ್ಲಿ ಹೇಗೆ ಆಯಿತು? ಮೇಲಿಂದ ಇಳಿಬಿದ್ದ ಕಲ್ಲಿನ ಕೋಲುಗಳದೂ ತಿಳಿಸಿ. ಕರಗುವ ಕಲ್ಲು ಬೆಳೆಯುವುದು ಹೇಗೆ?

ಕಾಗಿಣಾ ದಂಡೆ:

ಬೇಲಂ ನಾನು ನೋಡಿದ್ದು 2009ರಲ್ಲಿ, ಅಪ್ಪನ ಜೊತೆ. ಅಪ್ಪ ಗೋಡೆಯ ಪದರದ ಮೇಲೆ ಬೆರಳು ಎಳೆಯುತ್ತಲೇ ನಡೆದರು.

ನೀವು ಇಳಿದ ಬಾವಿಯಂಥ ತೂತೇ ಈ ನೆಲದ ದೊಡ್ಡ ಗುರುತು. ಗುಹೆಯ ಚಾವಣಿ ತೆಳುವಾಗಿ ಕುಸಿದರೆ, ಇಲ್ಲವೇ ಬಿರುಕು ಮೇಲಿಂದ ಕರಗುತ್ತಾ ಬಂದರೆ ಹೀಗೆ ಕುಳಿ ಬೀಳುತ್ತದೆ. ಇನ್ನು ನೀರಿನ ಪ್ರಶ್ನೆ. ಈಗ ಬೇಲಂ ಒಣ ಊರು, ಆದರೆ ಗುಹೆ ಈಗಿನ ಮಳೆಯ ಕೆಲಸವಲ್ಲ. ಆ ಓಣಿಗಳು ಎಷ್ಟೋ ಹಿಂದಿನ ಕಾಲದಲ್ಲಿ ನೆಲದೊಳಗೆ ಹರಿದ ನೀರಿನಿಂದ ಆದವು. ಗೋಡೆಗಳು ಅಲೆಯ ಹಾಗೆ ದುಂಡಗೆ, ನುಣ್ಣಗೆ ಇದ್ದವಲ್ಲ? ಅದು ನೀರು ಸವರಿ ಹೋದ ಗುರುತು. ನೀರಿನ ಮಟ್ಟ ಕೆಳಗೆ ಇಳಿದ ಮೇಲೆ ಗುಹೆ ಖಾಲಿ ಆಯಿತು. ನೀವು ಕಂಡ ಪಾತಾಳಗಂಗೆ ನೆಲದಿಂದ ಸುಮಾರು 46 ಮೀಟರ್ ಆಳದಲ್ಲಿದೆ.

ಕಲ್ಲು ಬೆಳೆಯುವುದು ಅದೇ ಕೆಲಸದ ಉಲ್ಟಾ. ಸುಣ್ಣ ಹೊತ್ತ ನೀರು ಚಾವಣಿಯಿಂದ ಹನಿಯಾಗಿ ಜೋತುಬೀಳುತ್ತದೆ. ಗುಹೆಯ ಗಾಳಿ ಸಿಕ್ಕಿದ ಕೂಡಲೇ ಒಳಗಿದ್ದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಸೋಡಾ ಬಾಟಲಿ ತೆರೆದ ಹಾಗೆ. ಹುಳಿ ಕಡಿಮೆ ಆದರೆ ನೀರಿಗೆ ಅಷ್ಟು ಸುಣ್ಣ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಒಂದು ತೆಳು ಉಂಗುರವನ್ನು ಅಲ್ಲೇ ಬಿಟ್ಟು ಹನಿ ಬೀಳುತ್ತದೆ. ಉಂಗುರದ ಕೆಳಗೆ ಉಂಗುರ ಸೇರಿ ಮೇಲಿನ ಸ್ಟ್ಯಾಲಕ್ಟೈಟ್. ಹನಿ ಬಿದ್ದ ಜಾಗದಲ್ಲಿ ಉಳಿದ ಸುಣ್ಣ ಕೂತು ಎದ್ದದ್ದು ಸ್ಟ್ಯಾಲಗ್ಮೈಟ್. ಗುಹೆಯ ಹೊರಗೂ ಇದು ನಡೆಯುತ್ತದೆ. ಮ್ಯಾಲಂ ಹತ್ತಿರ ಜ್ಯಾನೆಟ್ಸ್ ಫಾಸ್ ಅಂತ ಪುಟ್ಟ ಜಲಪಾತ ಇದೆ. ಅಲ್ಲಿ ನೀರು ಚಿಮ್ಮುವಾಗ ಗಾಳಿ ಬಿಟ್ಟು ಪಾಚಿಯ ಮೇಲೆ ಸುಣ್ಣ ಕೂರಿಸುತ್ತದೆ. ಪಾಚಿ ಕಲ್ಲಾಗಿ ಜಲಪಾತದ ಮುಖವೇ ಮುಂದಕ್ಕೆ ಉಬ್ಬಿದೆ.

ತೂತಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಯಾರ್ಕ್‌ಷೈರ್ ಡೇಲ್ಸ್‌ನಲ್ಲೇ ಇಂಗಲ್‌ಬರೋ ಗುಡ್ಡದಲ್ಲಿ ಗೇಪಿಂಗ್ ಗಿಲ್ ಅಂತ ಒಂದು ಗುಂಡಿ ಇದೆ. ಫೆಲ್ ಬೆಕ್ ಎಂಬ ಹಳ್ಳ ಅದರೊಳಗೆ 98 ಮೀಟರ್ ಕೆಳಗೆ ಬೀಳುತ್ತದೆ. ಜೋಗದ ಅರ್ಧವೂ ಇಲ್ಲ, ಆದರೆ ಇಡೀ ಜಲಪಾತ ನೆಲದೊಳಗೆ ಇದೆ. ಮೊದಲು ತಳ ಮುಟ್ಟಿದವನು ಫ್ರಾನ್ಸಿನ ಎದುವಾರ್ ಆಲ್ಫ್ರೆಡ್ ಮಾರ್ತೆಲ್, 1895ರಲ್ಲಿ, ಹಗ್ಗದ ಏಣಿ ಹಿಡಿದು. ಈಗ ವರ್ಷಕ್ಕೆ ಎರಡು ಸಲ ಗುಹೆ ಸಂಘಗಳು ವಿಂಚ್ ಎಂಬ ಹಗ್ಗ ಸುತ್ತುವ ಯಂತ್ರ ಕಟ್ಟಿ ಸಾಮಾನ್ಯ ಜನರನ್ನೂ ಇಳಿಸುತ್ತವೆ. ನಾನು ಒಂದು ಸಲ ಇಳಿದಿದ್ದೇನೆ. ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿ ಬಿಡುತ್ತಾರೆ. ಮೊದಲು ಗೋಡೆ ಮೂಗಿನ ಹತ್ತಿರ, ಪಾಚಿಯ ವಾಸನೆ. ಆಮೇಲೆ ಥಟ್ಟನೆ ಗೋಡೆ ದೂರ ಸರಿದು ದೊಡ್ಡ ಕತ್ತಲ ಕೋಣೆ. ಜೊತೆಗೆ ಬೀಳುವ ನೀರಿನ ಹನಿಗಳು ನಮ್ಮ ವೇಗಕ್ಕೇ ಬರುವುದರಿಂದ ಕಣ್ಣ ಮುಂದೆ ನಿಂತ ಹಾಗೆ ಕಾಣುತ್ತವೆ. ತಳದಲ್ಲಿ ನಿಂತು ಮೇಲೆ ನೋಡಿದೆ. ಬೆಳಕು ಒಂದು ಬಿಲ್ಲೆಯಷ್ಟು. ಅಪ್ಪ ಇದನ್ನು ನೋಡಬೇಕಿತ್ತು.

ಲೀಡ್ಸ್ ಮನೆ:

ಕಾಗಿಣಾ ಅವರೇ, ಎರಡೂ ಉತ್ತರ ಮಗನಿಗೆ ಓದಿ ಹೇಳಿದೆ. ಏರ್ ನದಿ ಅಂದ ಕೂಡಲೇ ಎದ್ದು ನಿಂತ. ಅವನ ಸ್ಕೂಲ್ ಬಸ್ ದಿನಾ ಆ ಸೇತುವೆ ದಾಟುತ್ತದೆ. ಒಂದು ಕೇಳಬೇಕಿತ್ತು. ಹಾಸುಗಲ್ಲಿನಿಂದ ಒಂದು ಚೂರು ತಂದು ನಿಂಬೆರಸ ಹಾಕಿ ನೋಡಬಹುದಾ?

ಕಾಗಿಣಾ ದಂಡೆ:

ದಯವಿಟ್ಟು ಅಲ್ಲಿಂದ ಏನೂ ತರಬೇಡಿ. ಜನ ತೋಟ ಅಲಂಕರಿಸಲು ಆ ಕಲ್ಲನ್ನು ಲಾರಿಗಟ್ಟಲೆ ಒಯ್ದು ಎಷ್ಟೋ ಹಾಸು ಹಾಳಾಗಿವೆ. 1981ರ ಕಾನೂನಿನಲ್ಲಿ ಅದಕ್ಕೆ ಬೇರೆಯಾಗೇ ರಕ್ಷಣೆ ಕೊಟ್ಟಿದ್ದಾರೆ. ಹತ್ತು ಸಾವಿರ ವರ್ಷಕ್ಕಿಂತ ಹೆಚ್ಚು ಹಿಡಿದ ಕೆಲಸ ಅದು, ಒಡೆದರೆ ಮತ್ತೆ ಆಗುವುದಿಲ್ಲ.

ಮನೆಯಲ್ಲಿ ಮೊಟ್ಟೆ ಚಿಪ್ಪು ಇದ್ದರೆ ವಿನೆಗರ್‌ನಲ್ಲಿ ಹಾಕಿ. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಗುಳ್ಳೆ ಏಳುವುದು ಕೂಡಲೇ ಕಾಣುತ್ತದೆ. ಮಾರನೇ ದಿನಕ್ಕೆ ಬರೀ ತೆಳು ಪೊರೆ ಉಳಿದಿರುತ್ತದೆ.

ಇನ್ನೊಂದು ಜಾಗ ತೋರಿಸಿ ಅವನಿಗೆ. ಆಸ್ಟ್ವಿಕ್ ಊರಿನ ಹತ್ತಿರ ನಾರ್ಬರ್. ಹಿಮನದಿ ಎಲ್ಲಿಂದಲೋ ಹೊತ್ತು ತಂದ ಕಪ್ಪು ಬಂಡೆಗಳು ಬಿಳಿ ಸುಣ್ಣದ ಕಲ್ಲಿನ ಪೀಠದ ಮೇಲೆ ಕೂತಿವೆ. ಬಂಡೆ ಕೊಡೆಯ ಹಾಗೆ ಮಳೆ ತಡೆಯಿತು, ಅದರ ಅಡಿಯ ಕಲ್ಲು ಉಳಿಯಿತು. ಸುತ್ತಲಿನದು ಕರಗಿ ತಗ್ಗಿತು. ಪೀಠದ ಎತ್ತರ ಒಂದು ಅಡಿ, ಕೆಲವು ಕಡೆ ಇನ್ನೂ ಜಾಸ್ತಿ. ಎಷ್ಟು ಕರಗಿದೆ ಅಂತ ಅವನೇ ಸ್ಕೇಲ್ ಇಟ್ಟು ನೋಡಬಹುದು.

ಲೀಡ್ಸ್ ಮನೆ:

ಭಾನುವಾರ ಹೋಗಿ ಬಂದೆವು. ವಾಟರ್ ಸಿಂಕ್ಸ್‌ನಲ್ಲಿ ಸುಳಿ ತಿರುಗುತ್ತಾ ನೀರು ಇಳಿಯುತ್ತದೆ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಉರುಟು ಕಲ್ಲುಗಳ ನಡುವೆ ಹೊಳೆ ಸ್ವಲ್ಪ ಸ್ವಲ್ಪವೇ ಕಡಿಮೆ ಆಗುತ್ತಾ ಹೋಗುತ್ತದೆ. ಕೊನೆಗೆ ಒದ್ದೆ ಕಲ್ಲು, ಆಮೇಲೆ ಒಣ ಕಲ್ಲು. ಮಗ ಮೊಣಕಾಲೂರಿ ಕಿವಿ ಇಟ್ಟ, ಒಳಗೆ ಗುಳುಗುಳು ಸದ್ದು ಕೇಳಿಸುತ್ತದೆ ಅಂದ. ನೀರು ಮುಗಿದ ಜಾಗದಲ್ಲಿ ಒಂದು ಕೋಲು ನೆಟ್ಟ.

ಮಧ್ಯಾಹ್ನ ಏರ್ ಹೆಡ್‌ಗೆ ಬಂದೆವು. ಹುಲ್ಲಿನ ಅಂಚಿನ ಕೆಳಗಿಂದ ತಣ್ಣನೆ ನೀರು ಉಕ್ಕುತ್ತಿತ್ತು, ಕನ್ನಡಿಯ ಹಾಗೆ ತಿಳಿ. ಕೈ ಇಟ್ಟು "ಕೆರೆ ನೀರು" ಅಂದ. ಮಳೆಗಾಲದಲ್ಲೂ ನೀರು ಅದೇ ಕೋಲಿನ ಹತ್ತಿರವೇ ಮುಗಿಯುತ್ತದಾ ಅಂತ ಅವನ ಹೊಸ ಪ್ರಶ್ನೆ.

ಕಾಗಿಣಾ ದಂಡೆ:

ಇಲ್ಲ. ಅಲ್ಲಿ ಒಂದೇ ತೂತು ಇಲ್ಲ, ಸಾಲಾಗಿ ಹಲವು ಇವೆ. ಮಳೆ ಜೋರಾದರೆ ಮೊದಲಿನ ತೂತುಗಳು ಸಾಲದೆ ನೀರು ಅವನ್ನು ದಾಟಿ ಮುಂದಿನದರ ತನಕ ಹರಿಯುತ್ತದೆ. ಫೆಬ್ರವರಿಯಲ್ಲಿ ಇನ್ನೊಂದು ಕೋಲು ತೆಗೆದುಕೊಂಡು ಬರಲಿ, ಎರಡು ಕೋಲಿನ ನಡುವೆ ಎಷ್ಟು ಹೆಜ್ಜೆ ಅಂತ ಎಣಿಸಲಿ. ಬರುವ ಮುಂಚೆ ಇಲ್ಲಿ ಬರೆಯಿರಿ, ನಾನೂ ಸ್ಕಿಪ್ಟನ್‌ನಿಂದ ಬರುತ್ತೇನೆ. ಶಹಾಬಾದ್ ಫರಸಿಯ ಒಂದು ತುಂಡು ನನ್ನ ಮೇಜಿನ ಮೇಲಿದೆ, ಅದನ್ನೂ ತರುತ್ತೇನೆ. ನಿಂಬೆಹಣ್ಣು ನೀವು ತನ್ನಿ.